ನ್ವಾಯೆಲ್ ಊರಿನ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೇಲಿ ಫ್ರಾನ್ಸಿನ ಉತ್ತರ ಕರಾವಳಿ ಹತ್ರ ಇರೋ ನ್ವಾಯೆಲ್-ಸ್ಯುರ್-ಮೇರ್ ಅನ್ನೋ ಹಳ್ಳಿ ಬಗ್ಗೆ ಅರ್ಧ ಪುಟ ಬರ್ದಿದ್ದೆ. ಸೊಮ್ ಜಿಲ್ಲೆ, ಸುಮಾರು 700 ಜನ, ಊರಾಚೆ ಹೊಲಗಳ ಮಧ್ಯೆ 840ಕ್ಕೂ ಹೆಚ್ಚು ಚೀನೀ ಕೂಲಿಕಾರರ ಸಮಾಧಿ ಇದೆ, ಅಂದ್ರೆ ಊರಲ್ಲಿ ಬದುಕಿರೋರಿಗಿಂತ ಅಲ್ಲಿ ಮಲಗಿರೋ ಪರದೇಶದವರೇ ಜಾಸ್ತಿ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ, ಮೇಲ್ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಕೆಲಸದ ಮೇಲೆ ಮೂರು ವರ್ಷ ಅಮಿಯಾಂ ಊರಲ್ಲಿದ್ದಾಗ ರಜಾ ಸಿಕ್ಕಿದಾಗೆಲ್ಲ ಆ ಕಡೆ ಹೋಗ್ತಿದ್ದೆ, ಅದಕ್ಕೇ ಈ ಸಲದ ಅಂಕಣ ಪೂರ್ತಿ ಆ ಊರಿಗೇ ಇಟ್ಟಿದೀನಿ.

ಮೇಡಂ, ಸ್ಯುರ್-ಮೇರ್ ಅಂದ್ರೆ ಸಮುದ್ರದ ದಡ ಅಂತ ಅರ್ಥ ಅಲ್ವಾ? ಮ್ಯಾಪ್‌ನಲ್ಲಿ ನೋಡಿದ್ರೆ ಊರಿಗೂ ನೀರಿಗೂ ಮಧ್ಯೆ ಬರೀ ಹಸಿರು ಕಾಣ್ಸುತ್ತೆ. ಹೆಸರು ತಪ್ಪಾ, ಮ್ಯಾಪ್ ತಪ್ಪಾ? (ಮೈಸೂರು)

ಎರಡೂ ಸರಿ ಇದೆ. ಸಮುದ್ರ ಹಿಂದೆ ಸರಿದಿದೆ.

ಸೊಮ್ ನದಿ ಇಂಗ್ಲಿಷ್ ಕಾಲುವೆ ಸೇರೋ ಕಡೆ ದೊಡ್ಡ ಅಳಿವೆ ಇದೆ, ಬೇ ದ ಸೊಮ್ ಅಂತಾರೆ, ಸುಮಾರು 70 ಚದರ ಕಿಲೋಮೀಟರ್. ನ್ವಾಯೆಲ್ ಇರೋದು ಅದರ ಒಳಗಿನ ತುದೀಲಿ. ಹಿಂದೆ ಉಬ್ಬರದ ನೀರು ಊರಿನ ಬುಡದವರೆಗೂ ಬರ್ತಿತ್ತು, ಈಗ ಆ ಜಾಗವೆಲ್ಲ ಹೂಳು ತುಂಬಿ ಹುಲ್ಲುಗಾವಲಾಗಿದೆ. ಕಾರಣ ಏನಪ್ಪಾ ಅಂದ್ರೆ ಅಲ್ಲಿ ಉಬ್ಬರ ಜೋರಾಗಿ ನುಗ್ಗುತ್ತೆ, ಬರುವಾಗ ಮರಳು ಹೊತ್ಕೊಂಡು ಬರುತ್ತೆ, ಇಳಿತ ನಿಧಾನ, ಹಾಗಾಗಿ ತಂದಿದ್ದನ್ನೆಲ್ಲ ವಾಪಸ್ ಒಯ್ಯೋ ಶಕ್ತಿ ಆ ನೀರಿಗಿಲ್ಲ, ಇನ್ನು ನದಿಯಾದ್ರೂ ತಳ್ಳಬೇಕಿತ್ತು ಅಂದ್ರೆ ಸೊಮ್ ಬಹಳ ಸಾಧು ನದಿ, ಅದೂ ಸಾಲದು ಅಂತ 1827ರಲ್ಲಿ ಒಳನಾಡಿನ ಆಬ್ವಿಲ್ ಪಟ್ಟಣದಿಂದ ಅಳಿವೆ ದಡದ ಸಾಂ-ವಾಲರಿ ಊರಿನವರೆಗೆ ಅದನ್ನ ನೆಟ್ಟಗೆ ಕಾಲುವೆಗೆ ಕಟ್ಟಿಹಾಕಿದ್ರು, ಆಮೇಲೆ ರೈಲ್ವೆಯವರು ಒಂದು ಏರಿ ಹಾಕಿದ್ರು (ಅದನ್ನ ಕೆಳಗೆ ಹೇಳ್ತೀನಿ), ಎಲ್ಲಾ ಸೇರಿ ಅಳಿವೆಯ ಒಳಭಾಗ ತುಂಬ್ತಾ ಬಂತು.

ಹೀಗೆ ತುಂಬಿ ಹುಲ್ಲು ಹುಟ್ಟಿದ ಜಾಗಕ್ಕೆ ಅಲ್ಲಿಯವರು ಮೊಲಿಯೇರ್ ಅಂತಾರೆ. ದೂರದಿಂದ ನೋಡಿದ್ರೆ ಚೊಕ್ಕ ಬಯಲು, ಕಾಲಿಟ್ರೆ ಗೊತ್ತಾಗುತ್ತೆ, ಎರಡು ಹೆಜ್ಜೆಗೊಂದು ಸಣ್ಣ ಕಾಲುವೆ, ಅಂಚಿನಲ್ಲಿ ಬೂದುಬಣ್ಣದ ಜಾರೋ ಕೆಸರು, ಹುಲ್ಲಿನ ತುದಿ ಕಿತ್ತು ಬಾಯಿಗೆ ಹಾಕ್ಕೊಂಡ್ರೆ ಉಪ್ಪು. ದೊಡ್ಡ ಉಬ್ಬರದ ದಿನ ನೀರು ಆ ಕಾಲುವೆಗಳಲ್ಲಿ ಸದ್ದಿಲ್ಲದೆ ಏರಿ ಬರುತ್ತೆ. ನೀರು ಮುಂದಿನಿಂದ ಬರುತ್ತೆ ಅಂತ ಅಂದ್ಕೊಂಡಿರ್ತೀವಿ, ಅಷ್ಟರಲ್ಲಿ ಹಿಂದಿನ ಕಾಲುವೆ ತುಂಬಿರುತ್ತೆ. ಗೊತ್ತಿರೋರ ಜೊತೆ ಇಲ್ಲದೆ ಅಳಿವೆಗೆ ಇಳೀಬೇಡಿ ಅಂತ ಅಲ್ಲಿ ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ.

ನಮ್ಮ ಅಘನಾಶಿನಿ ಅಳಿವೆಯಲ್ಲಿ ಬಳಚು ಚಿಪ್ಪು ಹೆಕ್ತಾರೆ, ಉಪ್ಪುನೀರಿನ ಗಜನಿ ಗದ್ದೇಲಿ ಕಗ್ಗ ಭತ್ತ ಬೆಳೀತಾರೆ. ಅಲ್ಲೂ ಆ ಥರ ಏನಾದ್ರೂ ಉಂಟಾ? (ಕುಮಟಾ)

ಉಂಟು, ಮೊದಲ ಸಲ ನೋಡಿದಾಗ ನನಗೂ ನಿಮ್ಮ ಕಡೆಯೇ ನೆನಪಾಗಿದ್ದು! ನೀರು ಇಳಿದ ಮೇಲೆ ಜನ ಬಕೆಟ್ಟು, ಕುಂಟೆ ಹಿಡ್ಕೊಂಡು ಮೈಲಿಗಟ್ಟಲೆ ಮರಳ ಮೇಲೆ ನಡ್ಕೊಂಡು ಹೋಗಿ ಚಿಪ್ಪು ಹೆಕ್ತಾರೆ. ಬಳಚಿನ ಜಾತಿಗೆ ಹತ್ತಿರದ್ದೇ, ದುಂಡಗೆ, ಮೇಲೆ ಗೆರೆ ಗೆರೆ ಇರುತ್ತೆ, ಅಲ್ಲಿಯ ಪಿಕಾರ್ ಭಾಷೇಲಿ ಎನೋಂ ಅಂತಾರೆ. ಮಾರೋಕೆ ಹೆಕ್ಕೋದಾದ್ರೆ ಲೈಸೆನ್ಸ್ ಬೇಕು.

ಇನ್ನೊಂದು ಸಾಲಿಕೋರ್ನ್, ಕೆಸರಲ್ಲಿ ಬೆಳೆಯೋ ಗೇಣುದ್ದದ ಗಿಡ, ಎಲೆ ಅನ್ನೋದೇ ಇಲ್ಲ, ಹಸಿರು ದಾರದ ಗಂಟುಗಳ ಥರ. ಬೇಸಿಗೇಲಿ ಬಗ್ಗಿ ಬಗ್ಗಿ ಚಾಕುವಲ್ಲಿ ಕೊಯ್ತಾರೆ, ಸೊಂಟ ಬಿದ್ದುಹೋಗುವಂಥ ಕೆಲಸ. ಸ್ವಲ್ಪ ಬೆಣ್ಣೇಲಿ ಬಾಡಿಸಿದ್ರೆ ಸಾಕು, ಉಪ್ಪು ಹಾಕೋ ಹಾಗೇ ಇಲ್ಲ. ಹಂದಿಕಿವಿ ಅಂತ ಇನ್ನೊಂದು ಸೊಪ್ಪಿದೆ, ಎಲೆ ಆಕಾರಕ್ಕೆ ಆ ಹೆಸರು, ಅದನ್ನ ನಮ್ಮ ಸೊಪ್ಪಿನ ಪಲ್ಯದ ಥರ ಮಾಡಿಕೊಂಡು ನಾನು ಎಷ್ಟೋ ಸಲ ಅನ್ನಕ್ಕೆ ಕಲಸ್ಕೊಂಡು ತಿಂದಿದೀನಿ, ಒಗ್ಗರಣೆ ಬಿದ್ದ ಮೇಲೆ ಇದು ಫ್ರಾನ್ಸಿನ ಸೊಪ್ಪು ಅಂತ ಯಾರೂ ಹೇಳಲ್ಲ.

ಗಜನಿ ಥರದ್ದೂ ಇದೆ ಆದರೆ ಭತ್ತ ಇಲ್ಲ. ಮೊಲಿಯೇರ್‌ಗೆ ಕಟ್ಟೆ ಹಾಕಿ ಸಮುದ್ರದ ನೀರು ತಡೆದು ಹೊಲ ಮಾಡಿಕೊಂಡಿದ್ದಾರೆ, ಶತಮಾನಗಳಿಂದ ಮಾಡಿದ ಕೆಲಸ ಅದು. ಕಟ್ಟೆಯಿಂದಾಚೆ ತೆರೆದ ಹುಲ್ಲಲ್ಲಿ ಕುರಿ ಮೇಯಿಸ್ತಾರೆ, ಉಪ್ಪುಹುಲ್ಲು ತಿಂದ ಆ ಕುರಿಮರಿಗಳಿಗೆ ಅಲ್ಲಿ ನಮ್ಮ ಜಿಐ ಟ್ಯಾಗ್ ಥರದ್ದೇ ಮಾನ್ಯತೆ 2007ರಲ್ಲಿ ಸಿಕ್ಕಿದೆ, ಕನಿಷ್ಠ 75 ದಿನ ಮರಿ ಆ ಹುಲ್ಲಲ್ಲಿ ಮೇಯಲೇಬೇಕು ಅಂತ ನಿಯಮ. ದೊಡ್ಡ ಉಬ್ಬರ ಇರೋ ದಿನ ಕುರಿಯವರು ಮುಂಚೇನೇ ಹಿಂಡನ್ನ ಎತ್ತರದ ಕಡೆ ಹೊಡ್ಕೊಂಡು ಬರ್ತಾರೆ, ಮೋಡ ನೋಡೋ ಹಾಗೆ ಅವರು ಉಬ್ಬರದ ಪಟ್ಟಿ ನೋಡ್ತಾರೆ.

ಅಕ್ಕಾ, ಚೀನಾದಿಂದ ಅಷ್ಟು ದೂರ ಬಂದು ಅವರು ಆ ಹಳ್ಳೀಲಿ ಸತ್ತಿದ್ದು ಯಾಕೆ? ನಾನು 31 ವರ್ಷ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದೀನಿ, ಮೊದಲ ಮಹಾಯುದ್ಧದ ಪಾಠದಲ್ಲಿ ಈ ವಿಷಯ ಒಂದು ಸಾಲೂ ಇರ್ಲಿಲ್ಲ. (ಧಾರವಾಡ)

ಸರ್, ಫ್ರಾನ್ಸಲ್ಲೂ ಬಹಳ ಕಾಲ ಇರ್ಲಿಲ್ಲ ಅಂತ ಅಲ್ಲಿಯ ಮೇಷ್ಟ್ರೊಬ್ಬರು ನನಗೆ ಹೇಳಿದ್ರು. ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗೇ ಉತ್ತರ ಕೊಡ್ತೀನಿ.

1916ರ ಹೊತ್ತಿಗೆ ಬ್ರಿಟನ್ ಮತ್ತೆ ಫ್ರಾನ್ಸಿಗೆ ಜನ ಸಾಲದೆ ಬಂತು. ಗಂಡಸರೆಲ್ಲ ಬಂದೂಕು ಹಿಡಿದ ಮೇಲೆ ಹಡಗಿನಿಂದ ಸಾಮಾನು ಇಳಿಸೋರು ಯಾರು, ರಸ್ತೆ ಮಾಡೋರು ಯಾರು, ಹಳಿ ಹಾಕೋರು ಯಾರು? ಆಗ ಚೀನಾದಿಂದ ಕಾಂಟ್ರಾಕ್ಟ್ ಮೇಲೆ ಆಳು ತರಿಸೋ ಏರ್ಪಾಡಾಯ್ತು. ಎರಡೂ ದೇಶದ್ದು ಸೇರಿ ಸುಮಾರು 1 ಲಕ್ಷ 40 ಸಾವಿರ ಜನ ಬಂದ್ರು, ಅದರಲ್ಲಿ ಬ್ರಿಟಿಷರ ಕಡೆಯವರೇ 95 ಸಾವಿರದ ಆಸುಪಾಸು, ಹೆಚ್ಚಿನವರು ಶಾನ್‌ಡೊಂಗ್ ಪ್ರಾಂತ್ಯದ ರೈತಾಪಿ ಜನ. ಮೂರು ವರ್ಷದ ಕರಾರು, ದಿನಕ್ಕೆ 1 ಫ್ರಾಂಕ್ ಕೂಲಿ, ಮನೆಗೆ ತಿಂಗಳು ತಿಂಗಳು ಬೇರೆ ದುಡ್ಡು. ಬರಗಾಲ, ನೆರೆ ಕಂಡ ಜನಕ್ಕೆ ಆ ಮನೆಗೆ ಹೋಗೋ ದುಡ್ಡೇ ದೊಡ್ಡದು.

ಅವರು ಬಂದ ದಾರಿ ನೋಡಿ. ಹಡಗಲ್ಲಿ ಪೆಸಿಫಿಕ್ ದಾಟಿ ಕೆನಡಾದ ಪಶ್ಚಿಮ ಕರಾವಳಿ, ಅಲ್ಲಿಂದ ಬಾಗಿಲು ಭದ್ರ ಮಾಡಿ ಕಾವಲು ಹಾಕಿದ ರೈಲಲ್ಲಿ ಇಡೀ ಕೆನಡಾ ದಾಟಿ ಪೂರ್ವದ ಬಂದರು, 84 ಸಾವಿರದಷ್ಟು ಜನ ಹಾಗೇ ಹೋದ್ರು, ಕೆಳಗಿಳಿಯೋ ಹಾಗಿಲ್ಲ, ಮತ್ತೆ ಹಡಗು ಹತ್ತಿ ಅಟ್ಲಾಂಟಿಕ್ ದಾಟಿ ಇಂಗ್ಲೆಂಡ್, ಕೊನೆಗೆ ಫ್ರಾನ್ಸ್. ಕೈಗೆ ಬಿಚ್ಚೋಕೆ ಬರದ ಹಾಗೆ ಹಿತ್ತಾಳೆ ಪಟ್ಟಿ, ಅದರ ಮೇಲೆ ನಂಬರು. ಸಂಬಳದ ಪುಸ್ತಕದಲ್ಲೂ ಅದೇ ನಂಬರು, ಸತ್ತ ಮೇಲೆ ಸಮಾಧಿ ಕಲ್ಲಿನ ಮೇಲೂ ಅದೇ.

ನ್ವಾಯೆಲ್ ಯಾಕೆ ಅಂದ್ರೆ ರೈಲು. ಅಮಿಯಾಂನಿಂದ ಬುಲೋನ್ ಕಡೆ ಹೋಗೋ ದೊಡ್ಡ ಮಾರ್ಗ ಊರಿನ ಮೇಲೇ ಹೋಗುತ್ತೆ, ಬಂದರುಗಳು ಹತ್ರ, ಯುದ್ಧ ನಡೀತಿದ್ದ ಜಾಗದಿಂದ ಸಾಕಷ್ಟು ದೂರ. ಹಾಗಾಗಿ ಬ್ರಿಟಿಷರು ಚೀನೀ ಕೂಲಿ ಪಡೆಯ ಮುಖ್ಯ ಡಿಪೋ ಇಲ್ಲೇ ಮಾಡಿದ್ರು. ಬಂದೋರು ಮೊದಲು ಇಲ್ಲಿ ಇಳಿದು, ಇಲ್ಲಿಂದ ಕಂಪನಿಗಳಾಗಿ ಹಂಚಿಕೊಂಡು ಕಲೇ, ಡಿಯೆಪ್, ರುವಾಂ ಅಂತ ಎಲ್ಲೆಲ್ಲಿಗೋ ಹೋಗ್ತಿದ್ರು, ಕೆಲವರು ಎರಾಂ ಅನ್ನೋ ಊರಲ್ಲಿ ಕೆಟ್ಟ ಟ್ಯಾಂಕ್ ರಿಪೇರಿ ಮಾಡ್ತಿದ್ರು. ಡಿಪೋ ಜೊತೇಲಿ ಅವರಿಗಂತಲೇ ದೊಡ್ಡ ಆಸ್ಪತ್ರೆ ಇತ್ತು, ಚೀನಾದಲ್ಲಿ ಮಿಷನರಿ ಆಗಿದ್ದ, ಚೀನೀ ಭಾಷೆ ಬರೋ ಡಾಕ್ಟ್ರುಗಳನ್ನ ಹುಡುಕಿ ತಂದಿದ್ರು.

ಆ ಆಸ್ಪತ್ರೆ ಇತ್ತು ಅನ್ನೋದೇ ಇಷ್ಟು ಸಮಾಧಿ ಇಲ್ಲಿರೋಕೆ ಕಾರಣ. ಕೆಲವರು ಬಾಂಬಿಗೆ ಸಿಕ್ಕು ಸತ್ರು, ಕೆಲವರು ಅಪಘಾತದಲ್ಲಿ, ಆದರೆ ಬಹಳಷ್ಟು ಜನ ರೋಗದಿಂದ, ಅದರಲ್ಲೂ 1918-19ರ ಸ್ಪ್ಯಾನಿಷ್ ಫ್ಲೂನಿಂದ. ಕಲ್ಲುಗಳ ಸಾಲಿನಲ್ಲಿ ತಾರೀಖು ಓದ್ಕೊಂಡು ಹೋದ್ರೆ ಎದೆ ಹಿಂಡುತ್ತೆ ಸರ್, 1918ರ ನವೆಂಬರ್ 11ಕ್ಕೆ ಯುದ್ಧ ಮುಗೀತು ಅಂತ ನಾವು ಪಾಠದಲ್ಲಿ ಓದಿದ್ದು, ಇಲ್ಲಿ ನೋಡಿದ್ರೆ 1919 ಅಂತ ಕೆತ್ತಿರೋ ಕಲ್ಲು ಎಷ್ಟೊಂದು. ಸೈನಿಕರು ಮನೆಗೆ ಹೋದ್ರು, ಕೂಲಿಯವರ ಕರಾರು ಮುಗಿದಿರ್ಲಿಲ್ಲ. ಹೊಲದಲ್ಲಿ ಸಿಡೀದೆ ಬಿದ್ದಿದ್ದ ಶೆಲ್ ಹೆಕ್ಕೋದು, ಕಂದಕ ಮುಚ್ಚೋದು, ಅರೆಬರೆ ಹೂತ ಹೆಣಗಳನ್ನ ತೆಗೆದು ಬೇರೆ ಕಡೆ ಹೂಳೋದು, ಇದೆಲ್ಲ 1920ರವರೆಗೂ ನಡೀತು.

ಇಷ್ಟಾದ ಮೇಲೆ 1919ರಲ್ಲಿ ವರ್ಸಾಯ್ ಒಪ್ಪಂದದಲ್ಲಿ ಶಾನ್‌ಡೊಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನ ಚೀನಾಕ್ಕೆ ವಾಪಸ್ ಕೊಡ್ಲಿಲ್ಲ, ಜಪಾನಿಗೆ ಕೊಟ್ರು. ಈ ಕೂಲಿಕಾರರ ಸ್ವಂತ ಊರಿನ ನೆಲ ಅದು. ಚೀನಾದಲ್ಲಿ ಮೇ 4ರ ಚಳವಳಿ ಎದ್ದಿದ್ದೇ ಅದಕ್ಕೆ. ಶಾಲೇಲಿ ಯಾರಾದ್ರೂ ಈ ಪಾಠ ಮಾಡೋದಾದ್ರೆ ನ್ವಾಯೆಲ್ ಮತ್ತೆ ವರ್ಸಾಯ್ ಎರಡನ್ನೂ ಒಂದೇ ದಿನ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ಒಂದು ಒಳ್ಳೇ ವಿಷಯಾನೂ ಹೇಳಿಬಿಡ್ತೀನಿ, ನೀವು ಮೇಷ್ಟ್ರು ಅಂತ. 1918ರಲ್ಲಿ ಯಾನ್ ಯಾಂಗ್‌ಚು ಅಂತ ಒಬ್ಬ ಯುವಕ, ಜೇಮ್ಸ್ ಯೆನ್ ಅಂತ್ಲೂ ಹೆಸರು, ಅಮೆರಿಕದಲ್ಲಿ ಓದು ಮುಗಿಸಿ ವೈಎಂಸಿಎ ಅನ್ನೋ ಕ್ರೈಸ್ತ ಸೇವಾ ಸಂಸ್ಥೆ ಕಡೆಯಿಂದ ಬುಲೋನ್‌ಗೆ ಬಂದ. ಓದು ಬರಹ ಬಾರದ ಕೂಲಿಯವರಿಗೆ ರಾತ್ರಿ ಕೂತು ಮನೆಗೆ ಕಾಗದ ಬರ್ದು ಕೊಡ್ತಿದ್ದ. ಕಾಗದ ಬರೆಸೋಕೆ ಬರೋರ ಸಾಲು ಮುಗೀತಾನೇ ಇರ್ಲಿಲ್ಲ, ಆಗ ಇವರಿಗೇ ಅಕ್ಷರ ಕಲಿಸಿದ್ರೆ ಅಂತ ಶುರು ಮಾಡಿದ. ಮುಂದೆ ಚೀನಾಕ್ಕೆ ಹೋಗಿ ದೊಡ್ಡ ಸಾಕ್ಷರತಾ ಆಂದೋಲನವನ್ನೇ ಕಟ್ಟಿದ.

ಸಮಾಧಿಗಳನ್ನ ಯಾರು ನೋಡ್ಕೊಳ್ತಾರೆ? 700 ಜನದ ಊರಿಗೆ ಆ ಖರ್ಚು ಹೆಂಗೆ ಆಗುತ್ತೆ? (ಬೆಂಗಳೂರು, ಆರ್ಕಿಟೆಕ್ಚರ್ ವಿದ್ಯಾರ್ಥಿ)

ಖರ್ಚು ಊರಿನದಲ್ಲ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ 1917ರಲ್ಲಿ ಶುರುವಾದ ಸಂಸ್ಥೆ ನೋಡ್ಕೊಳ್ಳುತ್ತೆ. ಆರು ಸರ್ಕಾರಗಳು ಸೇರಿ ಅದರ ಖರ್ಚು ಹಂಚ್ಕೊಳ್ತವೆ, ಅದರಲ್ಲಿ ಭಾರತವೂ ಒಂದು.

ನೀವು ಆರ್ಕಿಟೆಕ್ಚರ್ ಅಂದ್ರಲ್ಲ, ನಿಮಗೆ ಇದು ಇಷ್ಟ ಆಗುತ್ತೆ: ಈ ಸ್ಮಶಾನದ ವಿನ್ಯಾಸ ಎಡ್ವಿನ್ ಲಟ್ಯೆನ್ಸ್ ಅವರದ್ದು, ಡೆಲ್ಲಿಯ ರಾಷ್ಟ್ರಪತಿ ಭವನ, ಇಂಡಿಯಾ ಗೇಟ್ ಮಾಡಿದ ಅದೇ ಲಟ್ಯೆನ್ಸ್. ಡೆಲ್ಲಿ ಕೆಲಸ ನಡೀತಿದ್ದ ಕಾಲದಲ್ಲೇ ಫ್ರಾನ್ಸಿನ ಯುದ್ಧ ಸ್ಮಶಾನಗಳ ಕೆಲಸಾನೂ ಮಾಡ್ತಿದ್ರು. ಇಲ್ಲಿ ಬಾಗಿಲನ್ನ ಚೀನೀ ಮಾದರೀಲಿ ಮಾಡಿದ್ದಾರೆ, ಬಿಳೀ ಕಲ್ಲು, ಮೇಲೆ ಬಾಗಿದ ಚಾವಣಿ. ಸ್ಮಶಾನ ಉದ್ಘಾಟನೆ ಆಗಿದ್ದು 1921ರಲ್ಲಿ. ಜಾಗ ದೊಡ್ಡದೇನಲ್ಲ, ಸುತ್ತ ಗೋಧಿ, ಸಕ್ಕರೆಗಡ್ಡೆ ಹೊಲ. ಇಂಡಿಯಾ ಗೇಟ್ ಮುಂದೆ ನಿಂತಾಗ ತಲೆ ಎತ್ತಿ ನೋಡ್ತೀವಿ, ಇಲ್ಲಿ ಬಾಗಿಲು ದಾಟಿದ ತಕ್ಷಣ ತಲೆ ತಗ್ಗಿಸಿ ಕಲ್ಲು ಓದೋಕೆ ಶುರು ಮಾಡ್ತೀವಿ. ಹುಲ್ಲು ಅಂದ್ರೆ ಕತ್ತರೀಲಿ ಕತ್ತರಿಸಿದ ಹಾಗೆ.

ಊರಿನವರ ಪಾಲು ಬೇರೆ ಥರ. ಏಪ್ರಿಲ್‌ನಲ್ಲಿ ಚೀನೀಯರ ಛಿಂಗ್‌ಮಿಂಗ್ ಹಬ್ಬ ಬರುತ್ತೆ, ನಮ್ಮ ಪಿತೃಪಕ್ಷದ ಹಾಗೆ ಹಿರೀಕರನ್ನ ನೆನೆಯೋ ದಿನ. ಪ್ಯಾರಿಸ್ಸಿಂದ, ಬೇರೆ ಕಡೆಯಿಂದ ಚೀನೀ ಕುಟುಂಬಗಳು ಬರ್ತವೆ, ಊರಿನ ಮೇಯರ್ ಹೆಗಲಿಗೆ ಮೂರು ಬಣ್ಣದ ಪಟ್ಟಿ ಹಾಕ್ಕೊಂಡು ನಿಂತಿರ್ತಾರೆ. ಊದುಬತ್ತಿ, ಹಣ್ಣು, ಹೂವು ಇಡ್ತಾರೆ. ನಾನು ಒಂದು ಸಲ ಆ ದಿನ ಹೋಗಿದ್ದೆ, ಊರಿನ ಅಜ್ಜಿಯೊಬ್ಬರು ಯಾವ ಗುಂಪಿಗೂ ಸೇರದೆ ತನ್ನ ಪಾಡಿಗೆ ಬುಟ್ಟೀಲಿ ತಂದಿದ್ದ ಹಿತ್ತಲ ಹೂವನ್ನ ಯಾರೂ ಹೂವಿಡದ ಹಿಂದಿನ ಸಾಲಿನ ಕಲ್ಲುಗಳಿಗೆ ಒಂದೊಂದೇ ಇಟ್ಕೊಂಡು ಹೋಗ್ತಿದ್ರು. ಯಾಕೆ ಹಿಂದಿನ ಸಾಲು ಅಂತ ಕೇಳಿದೆ. ಮುಂದಿನವರಿಗೆ ಎಲ್ಲರೂ ಇಡ್ತಾರಲ್ಲ ಅಂದ್ರು.

ನಮ್ಮ ಭಾರತದವರು ಯಾರಾದ್ರೂ ಆ ಕಡೆ ಇದ್ರಾ? ನಮ್ಮದು ಮಿಲಿಟರಿ ಮನೆತನ, ಅದಕ್ಕೆ ಕೇಳಿದೆ. (ಮಡಿಕೇರಿ)

ಇದ್ರು. 1914ರಲ್ಲೇ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳು ಫ್ರಾನ್ಸಿಗೆ ಬಂದಿದ್ವು, ಒಳನಾಡಿನ ನೋವ್-ಶಾಪೆಲ್ ಊರಲ್ಲಿ ಅವರ ಸ್ಮಾರಕ ಇದೆ, ಸಮಾಧಿ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಅಲ್ಲಿ ಕೆತ್ತಿದ್ದಾರೆ. ಭಾರತದಿಂದಲೂ ಕೂಲಿ ಪಡೆ ಹೋಗಿತ್ತು, 1917ರಲ್ಲಿ, ನಾಗಾ, ಲುಶಾಯ್, ಸಂತಾಲ್ ಮುಂತಾದ ಬೆಟ್ಟ ಕಾಡಿನ ಜನ. ಅರಾಸ್ ಹತ್ರದ ಅಯೆತ್ ಅನ್ನೋ ಹಳ್ಳೀಲಿ ಭಾರತೀಯರು ಮತ್ತು ಚೀನೀಯರನ್ನ ಒಂದೇ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಸೈನಿಕರಿಗೆ ಬೆಳ್ಳಿ ಪದಕ ಕೊಟ್ರು, ಚೀನೀ ಕೂಲಿಗೂ ಭಾರತದ ಕೂಲಿಗೂ ಅದೇ ಪದಕ ಕಂಚಿನದ್ದು. ನನಗೆ ಇದು ಓದಿದಾಗ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ನಮ್ಮ ಮೈಸೂರು ಲ್ಯಾನ್ಸರ್ಸ್ ಫ್ರಾನ್ಸಿಗೆ ಹೋಗಿದ್ದಲ್ಲ, ಅವರು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ, 1918ರ ಸೆಪ್ಟೆಂಬರ್ 23ರ ಹೈಫಾ ಗೆಲುವು ಜೋಧ್‌ಪುರ ಲ್ಯಾನ್ಸರ್ಸ್ ಜೊತೆ ಸೇರಿ ಅವರದ್ದು. ಫ್ರಾನ್ಸಿಗೆ ಹೋದೋರು, ಹೈಫಾ ಗೆದ್ದೋರು ಎರಡೂ ಒಂದೇ ಅಂತ ಕೆಲವರು ಬರೀತಾರೆ, ಹಾಗಲ್ಲ.

ಸಮಾಧಿ ಬಿಟ್ರೆ ಆ ಊರಿಗೆ ಬೇರೆ ಇತಿಹಾಸ ಇಲ್ವಾ? (ಚಿತ್ರದುರ್ಗ)

ಬೇಕಾದಷ್ಟಿದೆ, ಎರಡು ಹೇಳ್ತೀನಿ. ಊರಿಂದ ಸ್ವಲ್ಪ ಒಳಗೆ ಸೊಮ್ ನದೀಲಿ ಬ್ಲಾಂಶ್‌ತಾಕ್ ಅಂತ ಒಂದು ಹಾಯ್ದು ದಾಟೋ ಜಾಗ ಇತ್ತು, ತಳದಲ್ಲಿ ಸುಣ್ಣಕಲ್ಲಿನ ಬಿಳುಪು ಇದ್ದಿದ್ದಕ್ಕೆ ಆ ಹೆಸರು. 1346ರ ಆಗಸ್ಟ್ 24ರಂದು ಇಂಗ್ಲೆಂಡಿನ ರಾಜ ಮೂರನೇ ಎಡ್ವರ್ಡ್ ಹಿಂದೆ ಫ್ರೆಂಚ್ ಸೈನ್ಯ, ಮುಂದೆ ನದಿ, ಮಧ್ಯೆ ಸಿಕ್ಕಿಹಾಕ್ಕೊಂಡಿದ್ದ. ಇಳಿತಕ್ಕೆ ಕಾದು, ಎದುರು ದಡದಲ್ಲಿ ಕಾಯ್ತಿದ್ದೋರ ಜೊತೆ ಹೊಡೆದಾಡಿ ದಾಟಿದ. ಬೆನ್ನಟ್ಟಿ ಬಂದ ಫ್ರೆಂಚ್ ರಾಜ ಮುಟ್ಟೋ ಹೊತ್ತಿಗೆ ಉಬ್ಬರ ಬಂದಾಗಿತ್ತು. ಎರಡು ದಿನ ಬಿಟ್ಟು ಕ್ರೆಸಿ ಯುದ್ಧದಲ್ಲಿ ಫ್ರೆಂಚರು ಸೋತರು. ಒಂದು ಉಬ್ಬರದ ಲೆಕ್ಕಾಚಾರ ಅಷ್ಟೇ.

ಎರಡನೇದು 1940ರ ಮೇ 20. ಜರ್ಮನಿಯ 2ನೇ ಪ್ಯಾಂಜರ್ (ಅಂದ್ರೆ ಟ್ಯಾಂಕ್) ಡಿವಿಷನ್ ಆಬ್ವಿಲ್ ಹಿಡಿದ ದಿನ ಅದರ ಒಂದು ಬೆಟಾಲಿಯನ್ ಮುಂದೆ ಬಂದು ಸಮುದ್ರ ಮುಟ್ಟಿದ್ದು ನ್ವಾಯೆಲ್‌ನಲ್ಲೇ. ಅಲ್ಲಿಗೆ ಬ್ರಿಟಿಷ್, ಫ್ರೆಂಚ್, ಬೆಲ್ಜಿಯಂ ಸೈನ್ಯಗಳು ಉತ್ತರದಲ್ಲಿ ತುಂಡಾಗಿ ಉಳಿದುಬಿಟ್ವು, ಮುಂದಿನ ವಾರ ಡಂಕರ್ಕ್‌ನಿಂದ 3 ಲಕ್ಷ 38 ಸಾವಿರ ಜನರನ್ನ ಹಡಗಲ್ಲಿ ಸಾಗಿಸಬೇಕಾಗಿ ಬಂದಿದ್ದು ಅದಕ್ಕೇ. ಆ ಡಂಕರ್ಕ್‌ನಲ್ಲಿ ಭಾರತದ ಹೇಸರಗತ್ತೆ ಸಾರಿಗೆ ಕಂಪನಿಗಳ ಸೈನಿಕರೂ ಇದ್ರು.

ನಾನು ಗ್ರಾಮ ಪಂಚಾಯ್ತಿ ಸದಸ್ಯೆ. ಅಷ್ಟು ಚಿಕ್ಕ ಊರಿಗೆ ಮೇಯರ್ ಅಂತೆ, ನಿಜವಾ? (ಗುಬ್ಬಿ)

ನಿಜ ಅಕ್ಕ. ಫ್ರಾನ್ಸಲ್ಲಿ ದೊಡ್ಡ ಸಿಟಿಗೂ ಹಳ್ಳಿಗೂ ಒಂದೇ ಹೆಸರು, ಕಮ್ಯೂನ್. 1789ರ ಡಿಸೆಂಬರ್‌ನ ಕಾನೂನಿಂದ ಬಂದಿದ್ದು, ಈಗಲೂ 35 ಸಾವಿರದ ಹತ್ತಿರ ಕಮ್ಯೂನ್‌ಗಳಿವೆ, ಪ್ರತಿಯೊಂದಕ್ಕೂ ಕೌನ್ಸಿಲ್, ಮೇಯರ್. ನಮ್ಮಲ್ಲಿ 400 ಜನಕ್ಕೆ ಒಬ್ಬ ಸದಸ್ಯ, ಅಲ್ಲಿ 500ರಿಂದ 1,499 ಜನಸಂಖ್ಯೆಯ ಊರಿಗೆ 15 ಸದಸ್ಯರು, ಆರು ವರ್ಷದ ಅವಧಿ. ಜನನ ಮರಣ ನೋಂದಣಿ ಮೇಯರ್ ಕೈಲೇ, ಮದುವೆ ಕಾನೂನುಬದ್ಧ ಆಗೋದೂ ಅವರ ಮುಂದೆಯೇ. ಕಸ, ನೀರು ಥರದ ದೊಡ್ಡ ಖರ್ಚಿನ ಕೆಲಸಕ್ಕೆ ಅಕ್ಕಪಕ್ಕದ ಊರುಗಳು ಒಕ್ಕೂಟ ಮಾಡ್ಕೊಂಡಿರ್ತವೆ.

ಸಾವಿರಕ್ಕಿಂತ ಕಮ್ಮಿ ಜನ ಇರೋ ಊರುಗಳಲ್ಲೂ ಹೆಣ್ಣು ಗಂಡು ಸರಿಸಮ ಇರೋ ಪಟ್ಟಿ ಹಾಕಲೇಬೇಕು ಅನ್ನೋ ಕಾನೂನು ಅಲ್ಲಿ ಆಗಿದ್ದು 2025ರಲ್ಲಿ. ನೀವು ಮೀಸಲಾತೀಲಿ ಗೆದ್ದು ಬಂದೋರು ಅಂತ ಪತ್ರದಲ್ಲಿ ಬರ್ದಿದೀರ, ಸಣ್ಣ ಊರಿನ ವಿಷಯದಲ್ಲಿ ನಮ್ಮ ಕರ್ನಾಟಕ ಬಹಳ ಮುಂಚೇನೇ ಮಾಡಿತ್ತು, ಹೆಮ್ಮೆಯಿಂದ ಹೇಳ್ಕೊಳ್ಳಿ.

ಹಳೇ ಉಗಿಬಂಡಿ ಓಡುತ್ತೆ ಅಂತ ಬರ್ದಿದ್ರಿ, ಗೇಜ್ ಯಾವುದು? (ಹುಬ್ಬಳ್ಳಿ, ನಿವೃತ್ತ ರೈಲ್ವೆ ನೌಕರ)

ಮೀಟರ್ ಗೇಜ್ ಸರ್! 1858ರಲ್ಲಿ ನ್ವಾಯೆಲ್‌ನಿಂದ ಸಾಂ-ವಾಲರಿಗೆ ದೊಡ್ಡ ಗೇಜಿನ ಶಾಖಾಮಾರ್ಗ ಹಾಕಿದ್ರು, ಅಳಿವೆ ದಾಟೋಕೆ ಕಿಲೋಮೀಟರಿಗೂ ಉದ್ದದ ಮರದ ಸೇತುವೆ. 1887ರಲ್ಲಿ ಸಮುದ್ರಸ್ನಾನಕ್ಕೆ ಬರೋ ಜನಕ್ಕೆ ಅಂತ ಮೀಟರ್ ಗೇಜ್ ಬಂತು. ಆಗ ಬೇರೆ ದಾರಿ ಮಾಡೋ ಬದಲು ದೊಡ್ಡ ಹಳಿಗಳ ಒಳಗೇ ಸಣ್ಣ ಹಳಿ ಕೂಡಿಸಿದ್ರು, ಒಂದೇ ಸ್ಲೀಪರ್ ಮೇಲೆ ನಾಲ್ಕು ಹಳಿ, ನೀವು ನೋಡಿದ್ರೆ ಗಂಟೆಗಟ್ಟಲೆ ಅಲ್ಲೇ ನಿಂತ್ಬಿಡ್ತೀರ. ಮುಂದೆ 20ನೇ ಶತಮಾನದ ಆರಂಭದಲ್ಲಿ ಮರದ ಸೇತುವೆ ತೆಗೆದು ಮಣ್ಣಿನ ಏರಿ ಹಾಕಿದ್ರು, ಅದರ ಹಿಂದೆ ನೀರಿನ ಓಡಾಟ ನಿಂತು ಹೂಳು ತುಂಬಿತು, ಮೇಲೆ ಹೇಳಿದ ಏರಿ ಇದೇ. ಮಾರ್ಗ ಮುಚ್ಚೋ ಹಂತಕ್ಕೆ ಬಂದಾಗ ರೈಲಿನ ಹುಚ್ಚಿರೋ ಜನ ಸಂಘ ಕಟ್ಟಿ 1971ರಿಂದ ಪ್ರವಾಸಿ ರೈಲು ಓಡಿಸ್ತಿದಾರೆ. ಬಹಳಷ್ಟು ಜನ ಸಂಬಳ ಇಲ್ಲದೆ ದುಡೀತಾರೆ, ಕಲ್ಲಿದ್ದಲ ಮಸಿ ಮೆತ್ತಿದ ಕೈಲೇ ಚಹಾ ಕುಡೀತಾ ವಾಲ್ವ್ ಬಗ್ಗೆ ಮಾತಾಡ್ತಿರ್ತಾರೆ, ನಿಮ್ಮನ್ನ ಕಂಡ್ರೆ ಬಿಡಲ್ಲ.

ಸಮಾಧಿ ಕಲ್ಲಿನ ಮೇಲೆ ಅವರ ಹೆಸರು ಇದೆಯಾ, ನಂಬರ್ ಮಾತ್ರನಾ? (ಸಿರಸಿ, 9ನೇ ತರಗತಿ)

ಎರಡೂ ಇದೆ ಪುಟ್ಟಾ. ಕಲ್ಲು ನಿನ್ನ ಸೊಂಟದ ಎತ್ತರ ಇರಬಹುದು, ಬಿಳೀದು, ಮೇಲ್ತುದಿ ಸ್ವಲ್ಪ ಬಾಗಿರುತ್ತೆ. ಚೀನೀ ಅಕ್ಷರಗಳಲ್ಲಿ ಮೇಲಿನಿಂದ ಕೆಳಗೆ ಅವನ ಹೆಸರು, ಊರು. ಇಂಗ್ಲಿಷಲ್ಲಿ ನಂಬರು, ಕೂಲಿ ಪಡೆಯ ಹೆಸರು, ಸತ್ತ ದಿನ. ಜೊತೆಗೆ ಒಂದು ಸಾಲಿನ ಮಾತು, ಎಲ್ಲ ಕಲ್ಲಿಗೂ ನಾಲ್ಕೈದು ಮಾತುಗಳಲ್ಲೇ ಒಂದು: ಸಾಯೋ ತನಕ ನಿಯತ್ತು ಅಂತ, ಒಳ್ಳೇ ಹೆಸರು ಎಂದಿಗೂ ಉಳಿಯುತ್ತೆ ಅಂತ, ಸತ್ತರೂ ಬದುಕಿದ್ದಾನೆ ಅಂತ. ಇಂಗ್ಲಿಷ್ ಓದೋರಿಗೆ ಅವನು ಒಂದು ನಂಬರು, ಚೀನೀ ಓದೋರಿಗೆ ಮಾತ್ರ ಅವನು ಇಂಥಾ ಊರಿನ ಇಂಥವನು. ನಾನು ಚೀನೀ ಸ್ನೇಹಿತೆಯೊಬ್ಬಳ ಜೊತೆ ಹೋದ ದಿನ ಅವಳು ಗಟ್ಟಿಯಾಗಿ ಒಂದೊಂದೇ ಹೆಸರು ಓದ್ಕೊಂಡು ಹೋದಳು, ಅವತ್ತೇ ನನಗೆ ಆ ಜಾಗದಲ್ಲಿ ಜನ ಇದಾರೆ ಅನ್ನಿಸಿದ್ದು. ಸಮಾಧಿ ಸಿಗದೇ ಹೋದ ನಲವತ್ತು ಚಿಲ್ಲರೆ ಜನರ ಹೆಸರು ಬೇರೆ ಸ್ಮಾರಕದಲ್ಲಿದೆ.

ಮಗ ಪ್ಯಾರಿಸ್ಸಲ್ಲಿ ಇದಾನೆ, ಬೇಸಿಗೇಲಿ ಹೋಗ್ತಿದೀವಿ. ಒಂದು ದಿನದಲ್ಲಿ ನೋಡಿ ಬರಬಹುದಾ? ನಾವು ಸಸ್ಯಾಹಾರಿಗಳು. (ಉಡುಪಿ)

ಆರಾಮಾಗಿ ಬರಬಹುದು. ಪ್ಯಾರಿಸ್ಸಿನ ಗಾರ್ ದ್ಯು ನೋರ್ ಸ್ಟೇಷನ್ನಿಂದ ಅಮಿಯಾಂ, ಅಲ್ಲಿ ಬದಲಾಯಿಸಿ ಆಬ್ವಿಲ್ ಮೇಲೆ ಹೋಗೋ ಲೋಕಲ್ ರೈಲು, ನ್ವಾಯೆಲ್-ಸ್ಯುರ್-ಮೇರ್ ಅಂತಲೇ ಸ್ಟೇಷನ್ ಇದೆ. ವಾಪಸ್ ರೈಲಿನ ಟೈಮ್ ಇಳಿದ ತಕ್ಷಣ ನೋಡ್ಕೊಂಡುಬಿಡಿ, ದಿನಕ್ಕೆ ಜಾಸ್ತಿ ರೈಲಿಲ್ಲ. ಚೀನೀ ಸ್ಮಶಾನ ನೊಲೆತ್ ಅನ್ನೋ ಕೇರೀಲಿದೆ, ಸ್ಟೇಷನ್ನಿಂದ ಅರ್ಧ ಮುಕ್ಕಾಲು ಗಂಟೆ ನಡಿಗೆ, ಬಿಸಿಲಿಗೆ ನೆರಳಿಲ್ಲ, ಗಾಳಿ ಮಾತ್ರ ಯಾವಾಗಲೂ ಇರುತ್ತೆ, ಸ್ವೆಟರ್ ಇರಲಿ. ಮೊದಲು ಅಲ್ಲಿಗೆ ಹೋಗಿ ಬಂದು ಆಮೇಲೆ ಉಗಿಬಂಡಿ ಹತ್ತಿ ಸಾಂ-ವಾಲರಿಗೆ ಹೋಗಿ, ಊಟ ಸಿಗೋದು ಅಲ್ಲೇ.

ಆ ಕಡೆ ಫಿಸೆಲ್ ಅಂತ ದೋಸೆ ಥರದ್ದು ಕೊಡ್ತಾರೆ, ಒಳಗೆ ಅಣಬೆ ಜೊತೆ ಹಂದಿಮಾಂಸ ಇರುತ್ತೆ, ಕೇಳದೆ ತಗೋಬೇಡಿ. ಗಾಟೋ ಬಾಟ್ಯು ಅನ್ನೋ ಎತ್ತರದ ಕೇಕಿಗೆ ಮೊಟ್ಟೆಯ ಹಳದಿ ಧಾರಾಳವಾಗಿ ಹಾಕ್ತಾರೆ. ಹಾಗಾಗಿ ಮಗನ ಮನೆಯಿಂದಲೇ ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಕೊಂಡು ಹೋಗೋದು ವಾಸಿ, ಸಾಂ-ವಾಲರಿ ದಡದ ಬೆಂಚಲ್ಲಿ ಕೂತು ತಿನ್ನಿ. ಉಬ್ಬರದ ಟೈಮ್ ನೋಡ್ಕೊಂಡು ಕೂತ್ರೆ ನೀರಿಲ್ಲದ ಮರಳಿನ ಬಯಲು ಊಟ ಮುಗಿಯೋ ಹೊತ್ತಿಗೆ ಸಮುದ್ರ ಆಗಿರುತ್ತೆ. ಸ್ಮಶಾನದ ಬಾಗಿಲ ಹತ್ರ ಗೋಡೆಯಲ್ಲಿ ಸಣ್ಣ ಪೆಟ್ಟಿಗೆ ಇರುತ್ತೆ, ಒಳಗೆ ಬಂದವರು ಹೆಸರು ಬರೆಯೋ ಪುಸ್ತಕ. ಪೆನ್ನು ಅಲ್ಲಿ ಇರಲ್ಲ ಸಾಮಾನ್ಯವಾಗಿ, ನಿಮ್ಮದೇ ಒಂದು ಇಟ್ಕೊಂಡಿರಿ.